ಆರುನೂರು ರೂಪಾಯಿ ಲೆನ್ಸು, ಹೂವಿನ ಬೆನ್ನು

ಮೊದಲೇ ಹೇಳಿಬಿಡುತ್ತೇನೆ. ಸಣ್ಣ ವಸ್ತುವನ್ನು ಹತ್ತಿರದಿಂದ ದೊಡ್ಡದಾಗಿ ತೋರಿಸುವ, ಮೊಬೈಲಿಗೆ ಕಚ್ಚಿಸುವ ಈ ಮ್ಯಾಕ್ರೋ ಲೆನ್ಸ್ ತಗೊಂಡರೆ ವಾಟ್ಸಾಪ್ ಸ್ಟೇಟಸ್ಸಿಗೆ ಲೈಕು ಜಾಸ್ತಿ ಬರುತ್ತವೆ ಅಂತ ಆಸೆ ಇಟ್ಟುಕೊಳ್ಳಬೇಡಿ. ನನಗಂತೂ ಕಮ್ಮಿ ಆದವು. ಮೊದಲು ಹೂವಿನ ಮುಖ ತೆಗೆದು ಹಾಕುತ್ತಿದ್ದೆ, ಜನ ಹಾರ್ಟ್ ಒತ್ತುತ್ತಿದ್ದರು. ಈಗ ಹಾಕುವುದು ಹೂವಿನ ಬೆನ್ನು, ಕಾಯಿಯ ತೊಟ್ಟು, ಎಲೆ ಅಡಿಯ ರೋಮ. "ಮಾವ, ಇದೇನು ಚರ್ಮರೋಗವಾ?" ಅಂತ ತಂಗಿ ಮಗ ಮೆಸೇಜ್ ಮಾಡಿದ್ದ.

ನಾನು ಬಸ್ ಕಂಡಕ್ಟರ್. ಹುಟ್ಟಿದ್ದು ಮಂಡ್ಯ ಕಡೆ, ಕೆಲಸ ಸಾಗರದಲ್ಲಿ. ನನ್ನ ರೂಟಿನ ಕೊನೆ ಸ್ಟಾಪು ಶರಾವತಿ ಹಿನ್ನೀರಿನ ಹತ್ತಿರದ ಒಂದು ಹಳ್ಳಿ. ಸಂಜೆ ಹೋಗಿ ನೈಟ್ ಹಾಲ್ಟ್, ಬೆಳಿಗ್ಗೆ ಏಳಕ್ಕೆ ವಾಪಸ್. ಊರಿನ ಹೆಸರು ಹೇಳುವುದಿಲ್ಲ. ಅದಕ್ಕೊಂದು ಕಾರಣ ಇದೆ, ಆಮೇಲೆ ಹೇಳುತ್ತೇನೆ. ಅಲ್ಲಿ ನೆಟ್‌ವರ್ಕ್ ಇಲ್ಲ. ಡ್ರೈವರಣ್ಣ ಉಂಡ ಕೈ ತೊಳೆದ ತಕ್ಷಣ ಉದ್ದ ಸೀಟಿನ ಮೇಲೆ ಬಿದ್ದು ಗೊರಕೆ ಶುರು ಮಾಡುತ್ತಾನೆ. ನನಗೆ ಬೆಳಗಿನ ಐದೂವರೆಗೇ ಎಚ್ಚರ. ಒಂದೂವರೆ ಗಂಟೆ ಏನು ಮಾಡೋದು? ಬಸ್ ತಿರುಗಿಸುವ ಜಾಗದ ಸುತ್ತ ಮಳೆಗಾಲಕ್ಕೆ ಎದ್ದು ಬರುವ ಗಿಡಗಳನ್ನು ಸುಮ್ನೆ ನೋಡುತ್ತಾ ನೋಡುತ್ತಾ ಹತ್ತಿದ ಹುಚ್ಚು ಇದು. ನಾಲ್ಕು ವರ್ಷ ಆಯಿತು.

ಇನ್ನು ಸಾಮಾನಿನ ವಿಷಯ. ಮೊಬೈಲಿನ ಕ್ಯಾಮೆರಾ ಮೇಲೆ ಬಟ್ಟೆ ಕ್ಲಿಪ್ಪಿನ ಥರ ಕಚ್ಚಿಸುವ ಮ್ಯಾಕ್ರೋ ಲೆನ್ಸ್. ಆನ್‌ಲೈನಿನಲ್ಲಿ 649 ರೂಪಾಯಿ ಕೊಟ್ಟೆ. ಬ್ರ್ಯಾಂಡ್ ಹೆಸರು ಹೇಳಿ ಪ್ರಯೋಜನ ಇಲ್ಲ, ನೋಡೋಕೆ ಒಂದೇ ಥರದ ಮಾಲು ಹತ್ತು ಹೆಸರಲ್ಲಿ ಸಿಗುತ್ತದೆ. ಲೆನ್ಸಿನ ಸುತ್ತ ಅಲ್ಯೂಮಿನಿಯಂ ಬಳೆ, ಪ್ಲಾಸ್ಟಿಕ್ ಕ್ಲಿಪ್ಪು, ಕ್ಲಿಪ್ಪಿನ ಬಾಯಿಗೆ ರಬ್ಬರ್, ಒಂದು ಮುಚ್ಚಳ, ಒಂದು ಬಟ್ಟೆ ಚೀಲ. ಮೊದಲು ಬಂದ ಪೀಸಿನ ಸ್ಪ್ರಿಂಗ್ ಸಡಿಲ ಇತ್ತು. ಮೊಬೈಲ್ ಬಗ್ಗಿಸಿದರೆ ಲೆನ್ಸ್ ಜಾರಿ ಕೆಸರಿಗೆ ಬೀಳುತ್ತಿತ್ತು. ವಾಪಸ್ ಕಳಿಸಿ ಇನ್ನೊಂದು ತರಿಸಿಕೊಳ್ಳೋಕೆ ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನದಲ್ಲಿ ಬಸ್ ಸ್ಟಾಪಿನ ಹಿಂದಿನ ಬೇಲಿಯ ಗೌರಿ ಹೂವೆಲ್ಲ ಅರಳಿ ಮುಗಿದವು. ಆ ಸಿಟ್ಟು ಇನ್ನೂ ಇದೆ.

ಡಬ್ಬಿ ಮೇಲೆ 15ಎಕ್ಸ್ ಅಂತ ಬರೆದಿದೆ. ಅದನ್ನು ತಲೆಗೆ ಹಚ್ಚಿಕೊಳ್ಳಬೇಡಿ. ನಾನು ನನ್ನದೇ ಲೆಕ್ಕ ಹಾಕಿದೆ. ಕಂಡಕ್ಟರ್ ಬ್ಯಾಗಿನಲ್ಲಿ ಇನ್ನೇನು ಇಲ್ಲದಿದ್ದರೂ ಒಂದು ರೂಪಾಯಿ ನಾಣ್ಯ ಇದ್ದೇ ಇರುತ್ತದೆ, ಅಲ್ವಾ? ಈಗ ಓಡಾಡುವ ಸಣ್ಣ ನಾಣ್ಯದ ಅಗಲ ಸುಮಾರು 20ರಿಂದ 22 ಮಿಲಿಮೀಟರ್. ಬರೀ ಮೊಬೈಲಿನಲ್ಲಿ ಎಷ್ಟು ಹತ್ತಿರ ಹೋದರೂ ನಾಣ್ಯ ಫೋಟೋದ ಕಾಲು ಭಾಗ ಬರುವಷ್ಟರಲ್ಲಿ ಫೋಕಸ್ ಕೈ ಕೊಡುತ್ತದೆ. ಈ ಲೆನ್ಸ್ ಹಾಕಿದರೆ ಒಂದು ರೂಪಾಯಿ ಫೋಟೋ ಪೂರ್ತಿ ತುಂಬಿ ನಿಲ್ಲುತ್ತದೆ. ನನಗೆ ಅಷ್ಟು ಸಾಕು. ಬಸ್ ಸ್ಟಾಪಿನ ಹುಲ್ಲಲ್ಲಿ ಅರಳುವ ಹೂಗಳಲ್ಲಿ ಮುಕ್ಕಾಲು ಪಾಲು ಆ ನಾಣ್ಯಕ್ಕಿಂತ ಚಿಕ್ಕವೇ.

ತುಂಬೆ ಹೂವನ್ನೇ ತಗೊಳ್ಳಿ. ಚಿಕ್ಕಂದಿನಿಂದ ನೋಡಿದ್ದೇನೆ, ಶಿವನಿಗೆ ಏರಿಸಿದ್ದೇನೆ, ಕಿತ್ತು ಜೇನು ಚೀಪಿದ್ದೇನೆ. ಗೊತ್ತಿರುವ ಹೂ ಅಂದುಕೊಂಡಿದ್ದೆ. ಲೆನ್ಸಿನಲ್ಲಿ ನೋಡಿದರೆ ಅದಕ್ಕೆ ಎರಡು ತುಟಿ. ಕೆಳದುಟಿ ಅಗಲವಾಗಿ ಚಾಪೆ ಹಾಸಿದಂತೆ ಚಾಚಿದೆ. ಮೇಲ್ದುಟಿ ಟೋಪಿಯ ಹಾಗೆ ಬಾಗಿದೆ, ಅದರ ಮೇಲೆಲ್ಲ ಕುರಿ ಉಣ್ಣೆಯಂಥ ಬಿಳಿ ರೋಮ. ಟೋಪಿಯ ಅಡಿಯಲ್ಲಿ ಕೇಸರಗಳು ಮಳೆಗೆ ನೆನೆಯದ ಹಾಗೆ ಅಡಗಿ ಕೂತಿವೆ. ಹೂ ಕಿತ್ತ ಮೇಲೆ ಉಳಿಯುವ ಹಸಿರು ಬಟ್ಟಲಿನ ಬಾಯಿ ನೆಟ್ಟಗಿಲ್ಲ, ಓರೆ. ಬಟ್ಟಲಿನ ಅಂಚಿನ ಹಲ್ಲುಗಳನ್ನು ಎಣಿಸಬಹುದು. ತುಂಬೆಯ ಅಣ್ಣತಮ್ಮಂದಿರಲ್ಲಿ ಯಾರು ಯಾರು ಅಂತ ಹೇಳೋದು ಬಿಳಿ ಹೂವಲ್ಲ, ಈ ಓರೆ ಬಾಯಿ, ಈ ಹಲ್ಲು. ಅದು ಯಾರ ಸ್ಟೇಟಸ್ಸಿನಲ್ಲೂ ಕಾಣಿಸುವುದಿಲ್ಲ.

ಬಿಳಿ ಹೂ ತೆಗೆಯುವಾಗ ಒಂದು ಮಾತು. ಮೊಬೈಲು ಸುತ್ತಲಿನ ಹಸಿರು ನೋಡಿ ಬೆಳಕು ಜಾಸ್ತಿ ಮಾಡಿಬಿಡುತ್ತದೆ. ತುಂಬೆ ಸುಣ್ಣದ ಉಂಡೆ ಆಗುತ್ತದೆ, ರೋಮ ಗೀಮ ಏನೂ ಉಳಿಯುವುದಿಲ್ಲ. ಸ್ಕ್ರೀನ್ ಮೇಲೆ ಹೂವನ್ನು ಒತ್ತಿ ಹಿಡಿದು, ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಫೋಟೋ ಸ್ವಲ್ಪ ಕಪ್ಪಾಯಿತು ಅನ್ನಿಸಬೇಕು, ಆಗ ಸರಿ ಇದೆ ಅಂತ ಲೆಕ್ಕ.

ಈಗ ಲೆನ್ಸಿನ ತಾಪತ್ರಯಗಳು. ಮೊದಲನೆಯದು, ಇದು ಎರಡು ಬೆರಳು ಅಗಲದ ದೂರದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಅದಕ್ಕಿಂತ ಹಿಂದೆ ಸರಿದರೆ ಮಂಜು, ಮುಂದೆ ಹೋದರೆ ಮಂಜು. ಸರಿಯಾದ ಜಾಗದಲ್ಲಿ ನಿಂತರೂ ಚೂಪಾಗಿ ಬರುವುದು ಒಂದೆರಡು ಮಿಲಿಮೀಟರ್ ಆಳ ಅಷ್ಟೇ. ಕೇಸರ ಸಿಕ್ಕರೆ ದಳ ಇಲ್ಲ, ದಳ ಸಿಕ್ಕರೆ ಕೇಸರ ಇಲ್ಲ. ಮೊಬೈಲಿನ ಫೋಕಸ್ ನಂಬಿಕೊಂಡರೆ ಅದು ಹುಡುಕುತ್ತಲೇ ಇರುತ್ತದೆ. ಫೋಕಸ್ ಲಾಕ್ ಮಾಡಿ, ಉಸಿರು ಹಿಡಿದು, ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ತೂಗಬೇಕು. ತೂಗುತ್ತಾ ಹತ್ತು ಹದಿನೈದು ಫೋಟೋ ಒತ್ತಬೇಕು. ಅದರಲ್ಲಿ ಎರಡು ಉಳಿಯುತ್ತವೆ. ಬಸ್ಸಿನಲ್ಲಿ ನಿಂತು ಟಿಕೆಟ್ ಹರಿದ ಕಾಲುಗಳು ಇಲ್ಲಿ ಉಪಯೋಗಕ್ಕೆ ಬಂದವು.

ಎರಡನೆಯದು ಗಾಳಿ. ಕಣ್ಣಿಗೆ ಗೊತ್ತಾಗದ ಗಾಳಿಗೂ ಲೆನ್ಸಿನೊಳಗೆ ಹೂ ಉಯ್ಯಾಲೆ ಆಡುತ್ತದೆ. ನನ್ನ ಹೆಂಡತಿಯ ಹೇರ್ ಕ್ಲಿಪ್ ಒಂದನ್ನು ಕಡ್ಡಿಗೆ ಕಟ್ಟಿ, ಕಡ್ಡಿ ನೆಲಕ್ಕೆ ಚುಚ್ಚಿ, ಗಿಡದ ದಂಟನ್ನು ಮೆಲ್ಲಗೆ ಕಚ್ಚಿಸುತ್ತೇನೆ. ಬೆಳಕು ಕಮ್ಮಿ ಇದ್ದರೆ ಡ್ರೈವರಣ್ಣನ ಮೊಬೈಲಿನ ಟಾರ್ಚನ್ನು ವೇ ಬಿಲ್ (ಟಿಕೆಟ್ ಲೆಕ್ಕ ಬರೆಯುವ) ಹಾಳೆ ಮೇಲೆ ಬಿಟ್ಟು, ಹಾಳೆಯಿಂದ ಹೂವಿನ ಕಡೆ ತಿರುಗಿಸುತ್ತೇನೆ. ನೆರಳು ಮೆತ್ತಗಾಗುತ್ತದೆ. ವೇ ಬಿಲ್ಲಿಗೆ ಮಣ್ಣು ಮಾತ್ರ ತಾಗಬಾರದು!

ಮೂರನೆಯದು ಅಂಗಡಿಯವರು ಹೇಳದೇ ಇರುವ ಮಾತು. ಈಗಿನ ಮೊಬೈಲುಗಳಿಗೆ ಮೂರು ಕಣ್ಣು. ಕ್ಲಿಪ್ಪನ್ನು ಒಂದು ಕಣ್ಣಿನ ಮೇಲೆ ಕೂರಿಸಿದರೆ, ಹತ್ತಿರದ ವಸ್ತು ಕಂಡ ತಕ್ಷಣ ಫೋನ್ ತನ್ನಷ್ಟಕ್ಕೆ ಪಕ್ಕದ ಕಣ್ಣಿಗೆ ಜಿಗಿಯುತ್ತದೆ. ಸ್ಕ್ರೀನ್ ಕಪ್ಪು. ನಾನು ಮೊದಲ ದಿನ ಲೆನ್ಸೇ ಕೆಟ್ಟಿದೆ ಅಂದುಕೊಂಡೆ. ಸೆಟ್ಟಿಂಗ್ಸಿನಲ್ಲಿ ಆಟೋ ಮ್ಯಾಕ್ರೋ ಆಫ್ ಮಾಡಿ, ಮುಖ್ಯ ಕ್ಯಾಮೆರಾ ಯಾವುದು ಅಂತ ಬೆರಳು ಅಡ್ಡ ಇಟ್ಟು ಕಂಡುಹಿಡಿಯಿರಿ. ಕವರ್ ತೆಗೆಯಲೇಬೇಕು, ಇಲ್ಲದಿದ್ದರೆ ಲೆನ್ಸ್ ಓರೆ ಕೂತು ಒಂದು ಮೂಲೆ ಮಸುಕಾಗುತ್ತದೆ. ಸರಿಯಾಗಿ ಕೂತರೂ ಅಂಚುಗಳು ಸ್ವಲ್ಪ ಎಳೆದಂತೆ ಬರುತ್ತವೆ. ಎರಡು ಪಟ್ಟು ಜೂಮ್ ಹಾಕಿದರೆ ಆ ಅಂಚು ಹೊರಗೆ ಹೋಗುತ್ತದೆ. ಇನ್ನು ಮಲೆನಾಡಿನ ಮಳೆಗಾಲಕ್ಕೆ ಗಾಜಿನ ಮೇಲೆ ಬೂಸ್ಟು ಬರದೆ ಇರಲ್ಲ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುತ್ತದಲ್ಲ, ಆ ಸಿಲಿಕಾ ಪೊಟ್ಟಣ, ಅದನ್ನು ಚೀಲದೊಳಗೆ ಹಾಕಿಡಿ.

ಉಂಬಳದ, ಅಂದರೆ ಜಿಗಣೆಯ, ವಿಷಯಕ್ಕೆ ಲೆನ್ಸ್ ಕಂಪನಿಯನ್ನು ಬೈಯುವ ಹಾಗಿಲ್ಲ. ನೆಲದ ಮೇಲೆ ಬೋರಲು ಮಲಗಿದವನನ್ನು ಕಂಡರೆ ಅವು ಬಿಡುತ್ತವಾ? "ಕಂಡಕ್ಟ್ರು ಹುಲ್ಲಿಗೆ ದೀರ್ಘದಂಡ ಹಾಕ್ತಾ ಇದಾರೆ" ಅಂತ ಡ್ರೈವರಣ್ಣ ಊರಿಗೆಲ್ಲ ಹೇಳಿದ್ದಾನೆ.

ಇಷ್ಟೆಲ್ಲ ಕಷ್ಟ ಯಾಕೆ, ಆ್ಯಪ್ ಇದೆಯಲ್ಲ ಅಂತೀರಿ. ನಾನೂ ಅಲ್ಲಿಂದಲೇ ಶುರು ಮಾಡಿದ್ದು. ಹೂ ತೋರಿಸಿದರೆ ಹೆಸರು ಹೇಳುವ ಆ್ಯಪ್ ಒಂದನ್ನು ಇಳಿಸಿಕೊಂಡಿದ್ದೆ, ಹೆಸರು ಬೇಡ. ಅದಕ್ಕೆ ಒಂದು ದಿನ ಬಸ್ ಸ್ಟಾಪಿನ ಹಿಂದಿನ ದಿಬ್ಬದ ಮೇಲಿದ್ದ ನೇರಳೆ ಬಣ್ಣದ, ಐದು ದಳದ ಹೂ ತೋರಿಸಿದೆ. ಬ್ರೆಜಿಲ್ ದೇಶದ ತೋಟದ ಗಿಡ ಟಿಬುಚಿನಾ ಅಂತು. ಖುಷಿಯಾಗಿ ಸ್ಟೇಟಸ್ಸಿಗೆ ಹಾಕಿದೆ. ಮಾರನೇ ದಿನ ಹಾಲು ಡೈರಿಗೆ ಹೊರಟ ಅಜ್ಜಿಯೊಬ್ಬರು ನೋಡಿ, "ಎಂಥದ್ದು ಬ್ರೆಜಿಲ್ಲು? ಇದು ನೆಕ್ಕರಿಕ ಅಲ್ದನಾ. ಹಣ್ಣು ತಿಂದ್ರೆ ನಾಲಗೆ ಕಪ್ಪಾಗ್ತು" ಅಂದರು.

ಹುಡುಕಿ ನೋಡಿದರೆ ಅಜ್ಜಿ ಹೇಳಿದ್ದೇ ಸರಿ. ಮೆಲಸ್ಟೋಮಾ ಮಲಬಾಥ್ರಿಕಮ್, ನಮ್ಮದೇ ಗಿಡ. ಮೆಲಸ್ಟೋಮಾ ಅಂದರೆ ಗ್ರೀಕ್ ಭಾಷೆಯಲ್ಲಿ ಕಪ್ಪು ಬಾಯಿ ಅಂತಲೇ ಅರ್ಥವಂತೆ. ಗ್ರೀಕರಿಗೂ ಸಾಗರದ ಅಜ್ಜಿಗೂ ಒಂದೇ ಗುರುತು! ಟಿಬುಚಿನಾ ಅದರ ದೂರದ ನೆಂಟ. ಒಂದೇ ಕುಟುಂಬ, ಒಂದೇ ಬಣ್ಣ, ಎಲೆಯಲ್ಲಿ ಬುಡದಿಂದ ತುದಿಗೆ ಓಡುವ ಅದೇ ಥರದ ನರಗಳು. ನಾನು ಕೊಟ್ಟಿದ್ದು ಒಂದೇ ಫೋಟೋ, ಅದೂ ಮುಖದ್ದು. ಆ್ಯಪ್ ಏನು ಮಾಡೀತು? ಅದು ನೋಡಿ ಕಲಿತಿರುವುದೇ ಫೋಟೋಗಳಿಂದ. ತೋಟದ ಹೂಗಳ ಫೋಟೋ ರಾಶಿ ಇರುತ್ತವೆ, ನಮ್ಮ ದಿಬ್ಬದ ಹೂವಿನ ಫೋಟೋ ಎಷ್ಟಿದ್ದಾವು?

ಲೆನ್ಸ್ ಬಂದ ಮೇಲೆ ಅದೇ ಗಿಡಕ್ಕೆ ಮತ್ತೆ ಹೋದೆ. ಈ ಸಲ ಸಮಾಧಾನವಾಗಿ ನೋಡಿದೆ. ನೆಕ್ಕರಿಕದ ಹೂವಿನಲ್ಲಿ ಕೇಸರ ಎರಡು ಥರ. ಐದು ಉದ್ದ, ನೇರಳೆ, ಕುಡುಗೋಲಿನ ಹಾಗೆ ಬಾಗಿದವು. ಐದು ಗಿಡ್ಡ, ಹಳದಿ. ದುಂಬಿ ಹಳದಿಯದಕ್ಕೆ ಬಾಯಿ ಹಾಕುತ್ತದೆ, ಪರಾಗ ತಿನ್ನೋಕೆ. ಅದು ತಿನ್ನುವಷ್ಟರಲ್ಲಿ ನೇರಳೆ ಕುಡುಗೋಲು ಅದರ ಮೈಗೆ ಬೇರೆ ಪರಾಗ ಬಳಿದು ಕಳಿಸುತ್ತದೆ. ಒಂದು ಕೈಯಲ್ಲಿ ಊಟ ಹಾಕಿ ಇನ್ನೊಂದು ಕೈಯಲ್ಲಿ ಪಾರ್ಸಲ್ ಕೊಟ್ಟು ಕಳಿಸಿದ ಹಾಗೆ. ಇದೇ ಜಾತಿಯಂತೆ ಕಾಣುವ ಆಸ್ಬೆಕಿಯಾ ಅನ್ನುವ ಗಿಡ ನಮ್ಮ ಘಟ್ಟದಲ್ಲೇ ಇದೆ. ಅದರಲ್ಲಿ ಕೇಸರಗಳೆಲ್ಲ ಹೆಚ್ಚುಕಮ್ಮಿ ಒಂದೇ ಅಳತೆ. ಅದರ ಕಾಯಿ ಒಣಗಿ ಬಾಯಿ ಬಿಡುತ್ತದೆ, ತಿನ್ನೋ ಹಣ್ಣಾಗುವುದಿಲ್ಲ. ಎರಡನ್ನೂ ಬೇರೆ ಮಾಡೋಕೆ ಬೇಕಾದ್ದು ಕೇಸರದ ಹತ್ತಿರದ ಫೋಟೋ ಒಂದು, ಹೂವಿನ ಹಿಂದಿನ ಬಟ್ಟಲಿನ ಫೋಟೋ ಒಂದು. 649 ರೂಪಾಯಿ ವಸೂಲಾಯಿತು ಅನ್ನಿಸಿದ್ದು ಆವತ್ತು.

ಇನ್ನೊಂದು ಕತೆ ನೆಲನೆಲ್ಲಿಯದು. ನಮ್ಮ ಬಸ್ಸಿನ ಕಾಯಂ ಪ್ಯಾಸೆಂಜರ್ ಒಬ್ಬರು ಕಾಮಾಲೆಗೆ ಬೇಕು ಅಂತ ಹುಡುಕುತ್ತಿದ್ದರು. ಸ್ಟಾಪಿನ ಕಲ್ಲಿನ ಸಂದಿಯಲ್ಲಿ ಎರಡು ಥರ ಇತ್ತು. ದಂಟು ಸ್ವಲ್ಪ ಕೆಂಪಗಿರುವುದಕ್ಕೆ ಕೆಂಪು ನೆಲನೆಲ್ಲಿ ಅನ್ನುತ್ತಾರೆ. ಹೆಸರಿಗೆ ಅಷ್ಟೇ, ಕೆಂಪು ಬಿಸಿಲಿಗೆ ಹೆಚ್ಚುಕಮ್ಮಿ ಆಗುತ್ತದೆ, ಅದನ್ನು ನಂಬುವ ಹಾಗಿಲ್ಲ. ಆ್ಯಪ್ ಕೆಂಪಿನದನ್ನು ನೋಡಿ ಹುಣಸೆ ಸಸಿ ಅಂತು. ಎಲೆ ಜೋಡಣೆ ನೋಡಿದರೆ ಅದರದ್ದೂ ತಪ್ಪಿಲ್ಲ ಬಿಡಿ.

ನೆಲನೆಲ್ಲಿಯ ಹೂ ಕಾಯಿ ಎರಡೂ ಎಲೆಯ ಅಡಿಯಲ್ಲಿ ತೂಗುತ್ತವೆ. ಗರಿಯನ್ನು ಮಗುಚಿ, ಬೆರಳ ಮೇಲೆ ಇಟ್ಟುಕೊಂಡು ಲೆನ್ಸ್ ಹಿಡಿದೆ. ಹಸಿರಿನದರಲ್ಲಿ ಕಾಯಿಗೆ ಪುಟ್ಟ ತೊಟ್ಟು ಇದೆ, ಕಾಯಿ ನುಣ್ಣಗೆ, ಮೂರು ಹೋಳಿನ ಗೆರೆ ಕಾಣುತ್ತದೆ. ಕೆಂಪಿನದರಲ್ಲಿ ತೊಟ್ಟೇ ಇಲ್ಲ ಅನ್ನುವಷ್ಟು ಕಡ್ಡಿಗೆ ಅಂಟಿಕೊಂಡಿದೆ, ಕಾಯಿ ಮೇಲೆಲ್ಲ ಹಾಗಲಕಾಯಿಯ ಹಾಗೆ ಗುಬುಟು ಗುಬುಟು. ಬರಿಗಣ್ಣಿಗೆ ಎರಡೂ ಸಾಸಿವೆ ಕಾಳು. ಹಸಿರಿನದು ಫಿಲಾಂಥಸ್ ಅಮಾರಸ್, ಕೆಂಪಿನದು ಫಿಲಾಂಥಸ್ ಯುರಿನೇರಿಯಾ. ಫೋಟೋ ದೊಡ್ಡದು ಮಾಡಿ ತೋರಿಸಿದೆ. ಅವರು ಎರಡನ್ನೂ ಕಿತ್ತುಕೊಳ್ಳದೆ, "ಮೊದ್ಲು ಡಾಕ್ಟರ್ ಹತ್ರ ಹೋಗ್ತೆ ಬಿಡಿ" ಅಂತ ಹೊರಟರು. ಒಳ್ಳೇದೇ ಆಯಿತು. ಆ್ಯಪ್ ನಂಬಿಕೊಂಡು ಯಾರೂ ಏನನ್ನೂ ತಿನ್ನಬೇಡಿ. ಬೇಲಿಯ ಗೌರಿ ಹೂವಿನ ಗಡ್ಡೆಯಲ್ಲಿ ಕಾಲ್ಚಿಸಿನ್ ಅನ್ನುವ ವಿಷ ಇದೆ, ಜೀವ ತೆಗೆಯುತ್ತದೆ. ಗೆಣಸಿನ ಹಾಗೆ ಕಾಣುತ್ತದೆ ಬೇರೆ.

ಗೌರಿ ಹೂ ಅಂದೆನಲ್ಲ, ಅಲ್ಲೂ ಒಂದು ತಮಾಷೆ. ನಮ್ಮಮ್ಮ ಗೌರಿ ಹೂ ಅನ್ನುವುದು ಕರ್ಣಕುಂಡಲಕ್ಕೆ. ಸಾಗರದವರು ಗೌರಿ ಹೂ ಅಂದರೆ ಬೇಲಿ ಮೇಲೆ ಬೆಂಕಿ ಹಚ್ಚಿದ ಹಾಗೆ ಅರಳುವ ಬಳ್ಳಿ, ಆರು ದಳವೂ ಹಿಂದಕ್ಕೆ ಮಡಚಿ ಮೇಲೆ ನೋಡುವ ಅಗ್ನಿಶಿಖೆ. ಫೋನಿನಲ್ಲಿ ಅಮ್ಮನ ಜೊತೆ ಹತ್ತು ನಿಮಿಷ ಗೌರಿ ಹೂವಿನ ವಿಷಯ ಮಾತಾಡಿದ್ದೇವೆ, ಇಬ್ಬರೂ ಬೇರೆ ಬೇರೆ ಹೂವಿನ ವಿಷಯ. ಅದಕ್ಕೇ ಆ ಉದ್ದನೆಯ ಲ್ಯಾಟಿನ್ ಹೆಸರು ಬೇಕಾಗುವುದು. ನನಗೆ ಈಗಲೂ ಉಚ್ಚಾರ ಬರಲ್ಲ, ಬರೆದಿಟ್ಟುಕೊಳ್ಳುತ್ತೇನೆ.

ಫೋಟೋಗಳನ್ನು ಸಾಗರಕ್ಕೆ ಬಂದು ನೆಟ್ ಸಿಕ್ಕ ಮೇಲೆ, ಗಿಡ ಪ್ರಾಣಿಗಳ ಫೋಟೋ ಹಾಕಿ ಹೆಸರು ಪತ್ತೆ ಮಾಡಿಕೊಳ್ಳುವ ಜಾಲತಾಣ ಐನ್ಯಾಚುರಲಿಸ್ಟ್‌ಗೆ ಹಾಕುತ್ತೇನೆ. 2008ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಶುರುವಾಗಿದ್ದು, ಈಗ ಲಾಭವಿಲ್ಲದೆ ನಡೆಯುವ ಸಂಸ್ಥೆ. ಇದರಲ್ಲೂ ಕಂಪ್ಯೂಟರ್ ಹೆಸರು ಸೂಚಿಸುತ್ತದೆ. ಆದರೆ ಕೊನೆ ಮಾತು ಅದರದ್ದಲ್ಲ. ಗಿಡ ಗೊತ್ತಿರುವವರು ಬಂದು ನೋಡುತ್ತಾರೆ, ಹೆಸರು ಹಾಕುತ್ತಾರೆ, ಜಗಳ ಆಡುತ್ತಾರೆ. ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಜನ ಒಪ್ಪಿದರೆ ರಿಸರ್ಚ್ ಗ್ರೇಡ್ ಅನ್ನುವ ಹಸಿರು ಗುರುತು ಬೀಳುತ್ತದೆ. ನಾನು ಬರೀ ಹೂವಿನ ಮುಖ ಹಾಕುತ್ತಿದ್ದ ಕಾಲದಲ್ಲಿ ಯಾರೂ ತಿರುಗಿ ನೋಡಿರಲಿಲ್ಲ. ಈಗ ಒಂದು ಗಿಡಕ್ಕೆ ಆರು ಏಳು ಫೋಟೋ ಹಾಕುತ್ತೇನೆ. ಲೆನ್ಸ್ ಇಲ್ಲದೆ ಇಡೀ ಗಿಡ, ಅದು ನಿಂತ ಜಾಗ, ಎಲೆಗಳು ಜೋಡಿಯಾಗಿವೆಯೋ ಒಂದು ಬಿಟ್ಟು ಒಂದೋ ಅನ್ನುವುದು. ಲೆನ್ಸ್ ಹಾಕಿ ಹೂವಿನ ಮುಂದೆ, ಪಕ್ಕ, ಬೆನ್ನು, ಎಲೆಯ ಅಡಿ, ಕಾಯಿ. ಒಂದರಲ್ಲಿ ಪಕ್ಕಕ್ಕೆ ಒಂದು ರೂಪಾಯಿ. ದಂಟನ್ನು ಬೆರಳಲ್ಲಿ ಉರುಳಿಸಿ, ತುಂಬೆಯ ಹಾಗೆ ಚೌಕ ಇದ್ದರೆ ಅದನ್ನೂ ಬರೆಯುತ್ತೇನೆ. ಒಂದೆರಡು ದಿನದಲ್ಲಿ ಉತ್ತರ ಬರುತ್ತದೆ. ನನಗೆ ಅವರ ಮುಖ ಗೊತ್ತಿಲ್ಲ, ಅವರಿಗೆ ನನ್ನ ಮುಖ ಗೊತ್ತಿಲ್ಲ. ಕಾಯಿಯ ತೊಟ್ಟಿನ ಬಗ್ಗೆ ಮಾತಾಡಿಕೊಳ್ಳುತ್ತೇವೆ.

ಊರಿನ ಹೆಸರು ಹೇಳದ ಕಾರಣಕ್ಕೂ ಇದಕ್ಕೂ ಸಂಬಂಧ ಇದೆ. ಆ ಸ್ಟಾಪಿನ ಹಲಸಿನ ಮರದಲ್ಲಿ ಸೀತಾಳೆ ದಂಡೆ ಇದೆ, ನರಿ ಬಾಲದ ಹಾಗೆ ಗೊಂಚಲು ಇಳಿಬಿಡುವ ಆರ್ಕಿಡ್. ಒಂದು ವರ್ಷ ಸ್ಟೇಟಸ್ಸಿನಲ್ಲಿ ಊರಿನ ಹೆಸರು ಸಮೇತ ಹಾಕಿದ್ದೆ. ಮುಂದಿನ ವಾರ ಕೈಗೆ ಎಟಕುವ ಎರಡು ಬುಡ ಮಾಯ. ಐನ್ಯಾಚುರಲಿಸ್ಟ್‌ನಲ್ಲಿ ಅಪಾಯದಲ್ಲಿರುವ ಗಿಡಗಳ ಜಾಗವನ್ನು ಅದೇ ಮಸುಕು ಮಾಡುತ್ತದೆ. ಉಳಿದವಕ್ಕೆ ನಾವೇ ಮಾಡಬಹುದು. ಆಗ ಸುಮಾರು 20 ಕಿಲೋಮೀಟರ್ ಚೌಕದಲ್ಲಿ ಎಲ್ಲೋ ಒಂದು ಕಡೆ ಅಂತಷ್ಟೇ ಕಾಣುತ್ತದೆ. ಈಗ ಮರದ ಮೇಲೆ ಉಳಿದಿರುವುದು ಎತ್ತರದಲ್ಲಿದೆ. ಅಲ್ಲಿಗೆ ನನ್ನ ಲೆನ್ಸೂ ಹೋಗುವುದಿಲ್ಲ, ಅದೂ ಒಳ್ಳೆಯದೇ.

ಲೆನ್ಸಿಗೆ ಸಿಗದೆ ಇರುವುದು ಬೇರೆಯೂ ಇದೆ. ನಮ್ಮೂರಲ್ಲಿ ಬೆರಕೆ ಸೊಪ್ಪಿನ ಸಾರಿಗೆ ಹಾಕುವ ಕನ್ನೆ ಸೊಪ್ಪು ಇಲ್ಲೂ ಗದ್ದೆ ಬದುವಿನಲ್ಲಿ ರಾಶಿ ಇದೆ. ಎರಡು ದೊಡ್ಡ ನೀಲಿ ದಳ, ಒಂದು ಸಣ್ಣದು, ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಮುದುಡುತ್ತದೆ. ಅದರ ಫೋಟೋ ಎಷ್ಟು ಬೇಕಾದರೂ ಇದೆ ನನ್ನ ಹತ್ತಿರ. ಆದರೆ ಈ ಗಿಡ ಮಣ್ಣಿನೊಳಗೂ ಹೂ ಬಿಡುತ್ತದೆ, ಅರಳದ ಹೂ, ಒಳಗೇ ಬೀಜ ಕಟ್ಟುತ್ತದೆ ಅಂತ ಓದಿ ಒಂದು ರಜಾ ದಿನ ಬುಡ ಅಗೆದೆ. ಬೇರಿನ ಹತ್ತಿರ ಬಿಳಿ ಕವಲು, ಅದರ ತುದಿಗೆ ಚೀಲದಂಥದ್ದು. ಮಣ್ಣು ತೊಳೆದು ಲೆನ್ಸ್ ಹಿಡಿದರೆ ಬರೀ ಕೆಸರಿನ ಹೊಳಪು. ಆರು ಸಲ ಪ್ರಯತ್ನ ಪಟ್ಟಿದ್ದೇನೆ, ಒಂದೂ ಸರಿಯಾಗಿ ಬಂದಿಲ್ಲ.

ತಗೋಬಹುದಾ ಅಂತ ಕೇಳಿದರೆ, ತಗೊಳ್ಳಿ. ಮೊಬೈಲಿನಲ್ಲೇ 2 ಮೆಗಾಪಿಕ್ಸೆಲ್ ಮ್ಯಾಕ್ರೋ ಕ್ಯಾಮೆರಾ ಇದೆಯಲ್ಲ ಅನ್ನುವವರು ಎರಡರಲ್ಲೂ ತುಂಬೆಯ ಬಟ್ಟಲು ತೆಗೆದು ಪಕ್ಕಪಕ್ಕ ಇಟ್ಟು ನೋಡಿ, ನಾನು ಹೇಳುವುದೇ ಬೇಡ. ಕಾಸು ಉಳಿಸಬೇಕು ಅನ್ನುವವರು ಹತ್ತು ಪಟ್ಟಿನ ಭೂತಗನ್ನಡಿ ತಗೊಂಡರೂ ನೋಡೋಕೆ ಸಾಕು, ಆದರೆ ಅದನ್ನು ಮೊಬೈಲಿಗೆ ಹಿಡಿಯೋಕೆ ಮೂರನೇ ಕೈ ಬೇಕು. ಎರಡು ಸಾವಿರದ ಮೇಲಿನ ಲೆನ್ಸುಗಳನ್ನು ನಾನು ನೋಡಿಲ್ಲ, ನನ್ನ ಹುಚ್ಚಿಗೆ ಮನೆಯಲ್ಲಿ ಅಷ್ಟು ಮಂಜೂರಾಗುವುದಿಲ್ಲ. ಗುಲಾಬಿ, ದಾಸವಾಳ ತೆಗೆಯುವವರಿಗೆ ಇದು ಬೇಡ. ದುಡ್ಡು ದಂಡ.

ಒಂದೂವರೆ ಮಳೆಗಾಲ ಕಳೆದಿದೆ. ಗಾಜಿನ ಮೇಲೆ ಒಂದು ಗೀರು, ಫೋಟೋದಲ್ಲಿ ಕಾಣುವುದಿಲ್ಲ. ರಬ್ಬರ್ ಒಂದು ಕಡೆ ಕಿತ್ತುಬಂದಿತ್ತು, ಪಂಕ್ಚರ್ ಅಂಗಡಿಯ ಅಂಟು ಹಾಕಿ ಕೂರಿಸಿದೆ. ಮುಚ್ಚಳ ಹೋಗಿದ್ದು ಎರಡನೇ ತಿಂಗಳಲ್ಲೇ, ಬಸ್ಸಿನ ಮೆಟ್ಟಿಲಿನಿಂದ ಉರುಳಿ ಚರಂಡಿ ಸೇರಿತು. ಈಗ ಅದರ ಜಾಗದಲ್ಲಿ ಡ್ರೈವರಣ್ಣನ ಶುಗರ್ ಮಾತ್ರೆ ಡಬ್ಬಿಯ ಮುಚ್ಚಳ ಇದೆ, ಅಳತೆ ತೆಗೆದು ಮಾಡಿದಷ್ಟು ಸರಿಯಾಗಿ ಕೂರುತ್ತದೆ. ಅವನ ಮಾತ್ರೆ ಡಬ್ಬಿಗೆ ಮುಚ್ಚಳ ಇಲ್ಲ. ಇಬ್ಬರ ನಡುವೆ ಆ ಮಾತುಕತೆ ಇನ್ನೂ ಮುಗಿದಿಲ್ಲ.